ಬೇಲಿಯ ಮೇಲಿನ ದ್ವೀಪದ ಹೂವು

ನನಗೆ ಜಂಬವಿದೆ. ಇದ್ದರೇನಂತೆ? ಕೆಲವರಿಗೆ ಮಗನ ಮೇಲೆ, ಕೆಲವರಿಗೆ ಎತ್ತಿನ ಜೋಡಿಯ ಮೇಲೆ; ನನಗೆ ಒಂದು ಬಳ್ಳಿಯ ಮೇಲೆ.

ಏಕೀಕರಣವಾಗಿ ರಾಜ್ಯ ದೊಡ್ಡದಾದ ಮರುವರ್ಷ ನನ್ನ ಸೋದರಮಾವ ಅಂಡಮಾನಿನಿಂದ ಶಿಕಾರಿಪುರಕ್ಕೆ ಬಂದ. ಅಲ್ಲಿ ಅವನು ಮರದ ಡಿಪೋದಲ್ಲಿ ಗುಮಾಸ್ತ. ಆದರೆ ಅಂಡಮಾನ್ ಅಂದ ಕೂಡಲೇ ನೆರೆಹೊರೆಯವರೆಲ್ಲ ಕರಿನೀರಿನ ಶಿಕ್ಷೆಯೆಂದೇ ತಿಳಿದು, ದನಿ ತಗ್ಗಿಸಿ, "ಏನ್ ಮಾಡಿದ್ನಂತೆ?" ಎಂದು ವಿಚಾರಿಸುತ್ತಿದ್ದರು. ಅವನು ನನಗೆ ತಂದದ್ದು ಒಂದು ಪೊಟ್ಟಣ ಕಪ್ಪು ಬೀಜ. "ಅಲ್ಲೆಲ್ಲ ಬೇಲಿ ತುಂಬ ಹಬ್ಬಿರ್ತದೆ, ಹಾಕಿ ನೋಡು" ಎಂದ. ಹಾಕಿದೆ. ಸುತ್ತ ಸಮುದ್ರವಿದ್ದ ನೆಲದ ಬಳ್ಳಿ ನಮ್ಮ ಬಚ್ಚಲ ನೀರು ಕುಡಿದು ಹಿತ್ತಲ ಬೇಲಿಯನ್ನೇ ನುಂಗಿತು. ಒಂದು ಬೆಳಿಗ್ಗೆ ಬಾಗಿಲು ತೆಗೆದರೆ ಅಂಗೈಯಗಲದ ನೀಲಿ ಹೂವು, ಬೇಲಿ ತುಂಬ! ಅಯ್ಯೋ ಶಿವನೇ ಅಂದುಬಿಟ್ಟೆ. ಅಂಥ ನೀಲಿಯನ್ನು ನಮ್ಮೂರಿನ ಯಾವ ಜವಳಿ ಅಂಗಡಿಯೂ ಕಂಡಿರಲಿಲ್ಲ.

ತೊಂದರೆ ಇಷ್ಟೇ: ಆ ಹೂವಿಗೆ ಊಟದ ಹೊತ್ತಿನ ತನಕ ಕಾಯುವ ತಾಳ್ಮೆಯಿಲ್ಲ. ಕಾವ್ಯದ ತಾವರೆ ಸಂಜೆಯವರೆಗೂ ಸೂರ್ಯನ ಮುಖವನ್ನೇ ನೋಡುತ್ತ ನಿಲ್ಲುತ್ತದಂತೆ. ನನ್ನ ಬಳ್ಳಿಯ ಹೂವು ಹಾಗಲ್ಲ; ಅವನು ನೆತ್ತಿಗೇರುವ ಮೊದಲೇ ಬೇಸತ್ತು, ಕೆಂಪಗಾಗಿ, ಮುದುಡಿಕೊಳ್ಳುತ್ತದೆ. ಸೊರಬದ ಬಸ್ಸು ಬರುವುದೋ ಮಧ್ಯಾಹ್ನ.

ಆ ಬಸ್ಸಿನಲ್ಲಿ ಬರುತ್ತಿದ್ದವರು ಸಿದ್ದಮ್ಮನವರು, ನನ್ನ ತಂಗಿಯ ಅತ್ತೆ. ಹಸಿರೆಂಬುದೆಲ್ಲ ಸೊರಬದವರಿಗೇ ಬರೆದುಕೊಟ್ಟ ಜಹಗೀರು ಎಂಬಂತೆ ಅವರ ಮಾತು. ನಾನು ತಂಗಿಯ ಮುಂದೆ ಹೂವನ್ನು ಹೊಗಳಿದ್ದು ಅವರ ಕಿವಿಗೂ ಬಿದ್ದಿತ್ತು. ಬಂದವರೇ ಬೇಲಿಯ ಹತ್ತಿರ ನಿಂತು, ಮುದುಡಿದ್ದೊಂದನ್ನು ಬೆರಳಿನಿಂದ ಎತ್ತಿ ನೋಡಿ, "ಇದೇ ಏನ್ರೀ ನಿಮ್ಮ ದ್ವೀಪದ ಹೂವು? ಕುರಿನೂ ಮೂಸಲ್ಲ ಇದನ್ನ" ಎಂದರು.

"ಬೆಳಿಗ್ಗೆ ನೋಡ್ಬೇಕಿತ್ರೀ" ಎಂದೆ.

"ಹ್ಞೂಂ, ಬೆಳಿಗ್ಗೆ!" ಎಂದು ನಕ್ಕರು. ಆಮೇಲೆ ಬಂದಾಗಲೆಲ್ಲ ಇದೇ. ನಾನು ಬಾಯಿ ತೆರೆಯುವ ಮೊದಲೇ, "ಬೆಳಿಗ್ಗೆ ನೋಡ್ಬೇಕಿತ್ತು, ಅಲ್ವೇನ್ರೀ?" ಎನ್ನುವರು. ಅವರ ಮನೆಯಲ್ಲಿ ಯಾರು ಬಡಾಯಿ ಕೊಚ್ಚಿದರೂ ಈ ಮಾತನ್ನೇ ಎಸೆಯುತ್ತಾರೆಂದು ತಂಗಿ ಅಳುಮೋರೆ ಮಾಡಿಕೊಂಡು ಹೇಳಿದಳು. ನನಗೆ ಹೊಟ್ಟೆ ಉರಿದುಹೋಯಿತು. ಹೂವು ಹಾಳಾಗಲಿ, ನಾನು ಸುಳ್ಳುಗಾತಿ ಎನಿಸಿಕೊಂಡೆನಲ್ಲ!

ಒಂದು ಸಂಜೆ ಅವರು ಹೊರಟು ನಿಂತರು. ಕುಂಕುಮದ ಜೊತೆ ಹೂ ಕೊಡಬೇಕು. ಮನೆಯಲ್ಲಿ ಒಂದೆಸಳು ಮಲ್ಲಿಗೆಯಿಲ್ಲ. ಬೇಲಿಯಲ್ಲಿ ಮಾತ್ರ ಮರುದಿನದ ಮೊಗ್ಗುಗಳು ಮಡಚಿದ ಕೊಡೆಗಳಂತೆ ಸುರುಳಿ ಸುತ್ತಿಕೊಂಡು ನಿಂತಿದ್ದವು. ಮಲ್ಲಿಗೆಯನ್ನೂ ನಾವು ಮೊಗ್ಗಿರುವಾಗಲೇ ಕಟ್ಟುವುದಲ್ಲವೇ? ಅದೇ ಲೆಕ್ಕದಲ್ಲಿ ಇವನ್ನೂ ಬಾಳೆನಾರಿನಲ್ಲಿ ಕಟ್ಟಿ, ಒದ್ದೆ ಬಾಳೆಲೆಯಲ್ಲಿ ಸುತ್ತಿ ಕೊಟ್ಟೆ. ಬೀಗರಿಗೆ ಬೇಲಿಹೂವೇ ಎಂದು ನಮ್ಮತ್ತೆ ಹಣೆ ಚಚ್ಚಿಕೊಂಡರು. ಸಿದ್ದಮ್ಮನವರು, "ಮುಡ್ಕೊಳ್ಳೋಕಂತೂ ಆಗಲ್ಲ, ಬೆಳಿಗ್ಗೆ ದೇವರಿಗಾದ್ರೂ ಇಡ್ತೀನಿ ಬಿಡ್ರೀ" ಎಂದು ಬಸ್ಸು ಹತ್ತಿದರು.

ಮರುದಿನ ಮಧ್ಯಾಹ್ನ ಬಸ್ಸಿನಿಂದ ಮತ್ತೆ ಅವರೇ ಇಳಿಯಬೇಕೆ! ಜಗಳಕ್ಕೇ ಬಂದರು ಎಂದುಕೊಂಡು ನಾನು ಅಡುಗೆಮನೆ ಸೇರಿದೆ.

"ಏ, ಬರ್ರೀ ಈಚೆಗೆ! ಪೂಜೆಗೆ ಅಂತ ಎಲೆ ಬಿಚ್ಚಿದ್ರೆ ಎಲ್ಲಾ ಅರಳಿ ಕೂತಿದಾವೆ! ಎಂಥಾ ನೀಲಿ ಕಣ್ರೀ! ಕೇರಿಯೋರ್ನೆಲ್ಲ ಕರ್ದು ತೋರಿಸ್ದೆ. ನೀವು ಹೇಳಿದ್ದು ನಿಜಾನೇ. ಒಂದ್ ಹಿಡಿ ಬೀಜ ಕೊಡ್ರೀ."

ಆ ಗಳಿಗೆಯ ಸಂತೋಷ ತುಂಬಿಡಲು ನಮ್ಮ ಕಡೆಯ ಅಂಬ್ಲಿಗೊಳದಂಥ ದೊಡ್ಡ ಕೆರೆಯೂ ಸಾಲದು. ಹಣೆ ಚಚ್ಚಿಕೊಂಡಿದ್ದ ನಮ್ಮತ್ತೆಯೇ ಮುಂದೆ ಬಂದು, "ನಮ್ಮ ಸೊಸೆ ಕೈಗುಣ ಅದು" ಎಂದರು. ಬೀಜವನ್ನು ಸೆರಗಿಗೆ ಸುರಿದು ಕೊಟ್ಟೆ.

ಮೊನ್ನೆ ಸೊರಬಕ್ಕೆ ಹೋಗಿದ್ದೆ. ನಮ್ಮ ಬಸ್ಸೂ ಅಲ್ಲಿ ಸೇರುವುದು ಮಧ್ಯಾಹ್ನವೇ. ಸಿದ್ದಮ್ಮನವರ ಬೇಲಿಯ ತುಂಬ ಮುದುಡಿದ ಹೂವುಗಳು. ಅವರು ನನ್ನ ಕೈ ಹಿಡಿದು ಅಲ್ಲಿಗೇ ಎಳೆದುಕೊಂಡು ಹೋಗಿ, ನನಗೇ, "ಅಯ್ಯೋ, ಈಗ ಬಂದ್ರಾ? ಬೆಳಿಗ್ಗೆ ನೋಡ್ಬೇಕಿತ್ರೀ ನೀವು, ನಮ್ಮ ಸೊರಬದ ಹೂವನ್ನ!" ಎಂದರು. ಯಾರ ಮುಂದೆ ಹೇಳುತ್ತಿದ್ದೇನೆ ಎಂಬುದೇ ಅವರಿಗೆ ಮರೆತಿತ್ತು.

"ಹೌದೇನ್ರೀ? ಹಾಗಾದ್ರೆ ಇವತ್ತು ಇಲ್ಲೇ ಉಳ್ಕೊಳ್ತೀನಿ, ಬೆಳಿಗ್ಗೆ ತೋರಿಸಿ" ಎಂದೆ.