ಹೊಂಗೆ ಮರಕ್ಕೆ ತಕ್ಕಡಿ ಕಟ್ಟಿದವರು

ಅವರ ಬಲ ಹುಬ್ಬಿನ ನಡುವೆ ಕೂದಲಿಲ್ಲದ ಒಂದು ಗೆರೆ ಇತ್ತು. ಯಾವುದೋ ಪುಟಾಣಿ ಎಸೆದ ಸ್ಲೇಟಿನ ಗುರುತು. ಸಿಟ್ಟು ಬಂದರೆ ಆ ಹುಬ್ಬೇ ಮೊದಲು ಮೇಲೇಳುತ್ತಿತ್ತು, ಮಾತು ಆಮೇಲೆ. ನಮ್ಮೂರ ಅಂಗನವಾಡಿ ಟೀಚರ್ ಅವರು. ಬಸ್ಸಿನಲ್ಲಿ ಗುರುತಿಲ್ಲದವರ ಮಗು ಕಂಡರೂ ಅದರ ರಟ್ಟೆಯನ್ನು ಎರಡು ಬೆರಳಲ್ಲಿ ಹಿಡಿದು ನೋಡಿ, ಇವತ್ತು ಏನು ತಿಂತು ಎಂದು ತಾಯಿಯನ್ನು ಕೇಳುವವರು. ಕೆಲವರು ಬೈದದ್ದೂ ಉಂಟು. ಬೈಸಿಕೊಂಡು ಮತ್ತೆ ಅದನ್ನೇ ಕೇಳುತ್ತಿದ್ದರು.

ತೊಂಬತ್ತರ ದಶಕದ ಮಾತು. ಅರಸೀಕೆರೆ ಹತ್ತಿರದ ಹಳ್ಳಿಯೊಂದರ ಕೊಬ್ಬರಿ ವ್ಯಾಪಾರದ ಮನೆಗೆ ನಾನು ಸೊಸೆಯಾಗಿ ಬಂದಿದ್ದೆ. ಸ್ವಂತ ಕಟ್ಟಡವಿಲ್ಲದ ಅಂಗನವಾಡಿ ನಮ್ಮ ಗೋದಾಮಿನ ಜಗಲಿಯಲ್ಲಿ ನಡೆಯುತ್ತಿತ್ತು. ಟೀಚರ್ ಕಾಲೋನಿಯವರು, ಅಂದರೆ ದಲಿತರ ಕೇರಿಯವರು. ಜಗಲಿ ಕೊಟ್ಟಿದ್ದ ನಮ್ಮ ಮನೆಯವರು ಅವರನ್ನು ಹೊಸ್ತಿಲು ದಾಟಲು ಬಿಟ್ಟಿರಲಿಲ್ಲ.

ನನ್ನ ಮಗಳಿಗೆ ಒಂದೂವರೆ ವರ್ಷ ತುಂಬಿದರೂ ನಿಲ್ಲಲು ಬರುತ್ತಿರಲಿಲ್ಲ. ಕೈಕಾಲು ಕಡ್ಡಿ. ರಾಗಿ, ಬೇಳೆ ಕೊಟ್ಟರೆ ಅರಗದೆ ಮಾಂದ್ಯವಾಗುತ್ತದೆಂದು ಅತ್ತೆ ಅವಳನ್ನು ನೀರು ಬೆರೆಸಿದ ಹಾಲು, ಬಿಸ್ಕತ್ತಿನಲ್ಲೇ ಇಟ್ಟಿದ್ದರು. ದೃಷ್ಟಿಯಾಗಿದೆಯೆಂದು ತಾಯಿತ ಕಟ್ಟಿಸಿದ್ದರು. ಮನೆ ತುಂಬ ತೆಂಗು, ಕಣಜ ತುಂಬ ರಾಗಿ ಇದ್ದೂ ನನ್ನ ಮಗು ಸೊರಗುತ್ತಿತ್ತು. ಈಗ ನೆನೆದರೂ ಮೈ ಉರಿಯುತ್ತದೆ.

ಮಕ್ಕಳ ತೂಕ ನೋಡುವ ದಿನ ಟೀಚರ್ ಜಗಲಿಯ ತೊಲೆಗೆ ಸ್ಪ್ರಿಂಗ್ ತಕ್ಕಡಿ ಕಟ್ಟಿ, ಬಟ್ಟೆಯ ಜೋಲಿ ಇಳಿಬಿಟ್ಟು, ನನ್ನ ಮಗಳನ್ನೂ ತರಲು ಹೇಳಿದರು. ಅತ್ತೆ ಅಡ್ಡ ಬಂದರು. ಅದೇ ತೊಲೆಯಲ್ಲಿ ನಾವು ಕೊಬ್ಬರಿ ತೂಗುತ್ತಿದ್ದೆವು. ಅಲ್ಲಿ ತೂಗಿದ್ದು ಮನೆಯಲ್ಲಿ ಉಳಿಯುವುದಿಲ್ಲವೆಂಬುದು ಅವರ ಭಯ.

"ನಮ್ಮ ಕೂಸು ಮಾರೋ ಮಾಲಲ್ಲ. ತೂಗಬ್ಯಾಡ," ಎಂದರು. ಸಾಲಿನಲ್ಲಿದ್ದ ತಾಯಂದಿರೂ ಮಕ್ಕಳನ್ನು ಹಿಂದಕ್ಕೆ ಎಳೆದುಕೊಂಡರು.

ಟೀಚರ್ ಹುಬ್ಬು ಮೇಲೆದ್ದಿತು. "ತೊಟ್ಲಲ್ಲಿ ದಿನಾ ತೂಗ್ತೀರಲ್ಲ ಅಮ್ಮಾವ್ರೇ, ಆಗ ಯಾರಿಗೆ ಮಾರ್ತೀರಿ?"

ಯಾರೋ ಕಿಸಕ್ಕೆಂದರು. ಅವಮಾನದಿಂದ ಕುದಿದ ಅತ್ತೆ ಜಗಲಿ ಖಾಲಿ ಮಾಡು ಎಂದುಬಿಟ್ಟರು. ಟೀಚರ್ ತಕ್ಕಡಿ ಬಿಚ್ಚಿಕೊಂಡು ಹೋಗಿ ರಸ್ತೆಯಾಚೆಯ ಹೊಂಗೆ ಮರದ ಕೊಂಬೆಗೆ ಕಟ್ಟಿದರು. "ಈ ಮರ ಯಾರ ಮನೇದೂ ಅಲ್ಲ. ಬರೋರು ಬನ್ನಿ," ಎಂದರು.

ಯಾರೂ ಕದಲಲಿಲ್ಲ. ನಾನು ಕದಲಿದೆ. ಬೆನ್ನ ಹಿಂದೆ ಅತ್ತೆ ಕೂಗುತ್ತಿದ್ದರೂ ರಸ್ತೆ ದಾಟಿ ಮಗಳನ್ನು ಜೋಲಿಯಲ್ಲಿ ಕೂರಿಸಿದೆ. ಅವಳು ಅಳದಂತೆ ಟೀಚರ್ ಮೆಲ್ಲಗೆ ಆಡಿಸಿ, ಮುಳ್ಳು ನಿಂತ ಮೇಲೆ ನೋಡಿದರು.

"ವರ್ಷದ ಕೂಸಿನ ತೂಕಾನೂ ಇಲ್ಲ ಕಣ್ರಮ್ಮ. ಹಿಂಗೇ ಬಿಟ್ರೆ ಉಳಿಯಲ್ಲ. ತಾಯಿತ ಆಮೇಲೆ, ಮೊದ್ಲು ಅನ್ನ ಹಾಕಿ."

ಮರುದಿನ ಅವರೇ ನಮ್ಮನ್ನು ಅರಸೀಕೆರೆಯ ಸರ್ಕಾರಿ ಆಸ್ಪತ್ರೆಗೆ ಕರೆದೊಯ್ದರು. ಜಂತುಹುಳದ ಔಷಧಿ ಕೊಟ್ಟ ಡಾಕ್ಟರೂ ಊಟದ ಮಾತನ್ನೇ ಹೇಳಿದರು. ಜಗಲಿ ತಪ್ಪಿದ ಮೇಲೆ ಅಂಗನವಾಡಿಯು ಕಾಲೋನಿಯ ಸಮುದಾಯ ಭವನಕ್ಕೆ ಹೋಯಿತು. ಮಗಳನ್ನು ಎತ್ತಿಕೊಂಡು ನಾನೂ ದಿನಾ ಅಲ್ಲಿಗೇ ಹೋದೆ. ಅಲ್ಲಿ ಟೀಚರ್ ಮಾಡುತ್ತಿದ್ದ ಹೆಸರುಬೇಳೆ ಪೊಂಗಲನ್ನು ಅವಳಿಗೆ ತಿನ್ನಿಸಿ ನಾನೂ ಒಂದು ತುತ್ತು ಬಾಯಿಗಿಡುತ್ತಿದ್ದೆ. ಸುದ್ದಿ ತಿಳಿದು ಮನೆಯಲ್ಲಿ ನನ್ನ ತಟ್ಟೆ ಬೇರೆ ಮಾಡಿದರು. ಮಾಡಿಕೊಳ್ಳಲಿ ಎಂದೆ. ಯಾರ ಅಪ್ಪಣೆಯನ್ನೂ ಕೇಳದೆ ಮನೆಯಲ್ಲೂ ಮಗಳಿಗೆ ತುಪ್ಪ ಹಾಕಿದ ರಾಗಿ ಗಂಜಿ ಕೊಡತೊಡಗಿದೆ. ಭವನದ ಸಿಮೆಂಟು ನೆಲದ ಮೇಲೆ ಅವಳು ಮೊದಲ ಹೆಜ್ಜೆ ಇಟ್ಟ ದಿನ ನಾನು ಗಳಗಳ ಅತ್ತುಬಿಟ್ಟೆ. ಟೀಚರ್ ನನ್ನನ್ನು ಹೊಗಳಲಿಲ್ಲ, ನಾಳೆ ಸ್ವಲ್ಪ ಬೇಗ ಬನ್ನಿ ಎಂದರು, ಅಷ್ಟೇ. ಆ ಹೊತ್ತಿಗೆ ನಮ್ಮ ಬೀದಿಯ ಉಳಿದ ತಾಯಂದಿರೂ ಒಬ್ಬೊಬ್ಬರಾಗಿ ಬರತೊಡಗಿದ್ದರು.

ನಿವೃತ್ತಿಗೆ ಮುಂಚೆಯೇ ಟೀಚರ್ ತೀರಿಕೊಂಡರು. ಮಗಳು ಆಗ ಹೈಸ್ಕೂಲು. ಸಾವಿಗೆ ಹೋಗಿ ಬಂದದ್ದು ಸಾಕು, ತಿಥಿಯೂಟಕ್ಕೆ ಕೂರಕೂಡದು ಎಂದು ನಮ್ಮ ಮನೆಯ ಹಿರಿಯರು ತೀರ್ಮಾನಿಸಿದರು. ನಾನು ಮಗಳ ಕೈ ಹಿಡಿದುಕೊಂಡು ಹೋಗಿ ಟೀಚರ್ ಅವರ ನಡುಮನೆಯಲ್ಲಿ ಎಲ್ಲರ ಜೊತೆ ಎಲೆಯ ಮುಂದೆ ಕೂತೆ. ಮಗಳು ಎರಡು ಸಲ ಅನ್ನ ಹಾಕಿಸಿಕೊಂಡು ಉಂಡಳು.