ಉಸ್ತಾದರ ಕಿವಿ

ಶಹಾಬಾದಿನ ಒಂದು ಕಲ್ಲಿನ ಕಾರ್ಖಾನೆಯಲ್ಲಿ ನಾನು ಕೆಲಸಕ್ಕಿದ್ದಾಗ, ಕೈಗ್ರೈಂಡರ್‌ಗಳಿಗೆ ಕಲ್ಲು ಉಜ್ಜುವ ವೀಲು ಹಾಕಿಕೊಡುತ್ತಿದ್ದವರು ಒಬ್ಬ ಉಸ್ತಾದರು. ಮೊದಲು ಪ್ಲಗ್ ಕಿತ್ತು, ವೈರನ್ನು ತಮ್ಮ ಹೆಗಲ ಮೇಲೆ ಹಾಕಿಕೊಳ್ಳುವರು. ಆಮೇಲೆ ಹೊಸ ವೀಲನ್ನು ಬೆರಳಿಗೆ ತೂಗುಹಾಕಿ, ಸ್ಕ್ರೂಡ್ರೈವರಿನ ಕಟ್ಟಿಗೆ ಹಿಡಿಯಿಂದ ಮೆಲ್ಲಗೆ ಬಡಿದು ಕಿವಿಗೊಡುವರು. ಒಳ್ಳೆಯ ವೀಲು ಗಂಟೆಯಂತೆ ಠಣ್ಣೆನ್ನುತ್ತದೆ; ಬಿರುಕು ಬಿಟ್ಟದ್ದರ ಸದ್ದು ಮೊದ್ದಾಗಿರುತ್ತದೆ.

“ಮೊದಲ ಅದರ ಮಾತು ಕೇಳ್ರಿ, ಆಮ್ಯಾಗ ಹಾಕ್ರಿ,” ಎನ್ನುವರು.

ಆ ವರ್ಷ ಗುಂಡಗುರ್ತಿ ಊರಿನ ಕೆಲಸಗಾರನೊಬ್ಬನ ಕೈಯಲ್ಲಿ, ಉಸ್ತಾದರು ಹಾಕಿಕೊಟ್ಟ ವೀಲು ಒಡೆದು, ಅವನ ಒಂದು ಕಣ್ಣು ಹೋಯಿತು. ವೀಲು ಚೆನ್ನಾಗಿಯೇ ಇತ್ತು, ಅವನೇ ಓರೆಯಾಗಿ ಒತ್ತಿದ್ದಾನೆ ಎಂದು ಉಸ್ತಾದರು ಮಾಲಕರೆದುರು ಹೇಳಿದರು. ಅವನನ್ನು ಕೆಲಸದಿಂದ ತೆಗೆದರು.

ಕೆಲವು ತಿಂಗಳಾದ ಮೇಲೆ ಒಂದು ದಿನ ಅವರು ಬಡಿದು ನೋಡಿ ನನ್ನ ಗ್ರೈಂಡರ್‌ಗೆ ಹಾಕಹೊರಟ ವೀಲು ಮೊದ್ದಾಗಿ ಸದ್ದು ಮಾಡಿತು.

“ಉಸ್ತಾದ್, ಇದು ಒಡದದರಿ,” ಎಂದೆ.

ಅವರು ಮತ್ತೆ ಬಡಿದರು. ಬಿರುಕಿಲ್ಲದ ಇನ್ನೊಂದು ವೀಲು ತಂದು ಅದನ್ನೂ ಬಡಿದರು.

“ಎರಡೂ ನನಗ ಒಂದೇ ಥರ ಕೇಳಸಾಕತ್ತಾವ,” ಎಂದು ಅಲ್ಲೇ ಕುಳಿತುಬಿಟ್ಟರು. ಎಷ್ಟೋ ವರ್ಷ ಆ ಯಂತ್ರಗಳ ಗದ್ದಲದಲ್ಲೇ ಕಳೆದವರು.

ಮರುದಿನ ನನ್ನನ್ನು ಕರೆದುಕೊಂಡು ಗುಂಡಗುರ್ತಿಗೆ ಹೋದರು. ಕಣ್ಣು ಕಳೆದುಕೊಂಡಾತ ತನ್ನ ಮನೆಯ ಕಟ್ಟೆಯ ಮೇಲೆ ಕುಳಿತಿದ್ದ. ಉಸ್ತಾದರು ತಲೆ ತಗ್ಗಿಸಿ, ಮೆಲ್ಲಗೆ, “ತಪ್ಪು ನಂದದ, ನಿಂದಲ್ಲ,” ಎಂದರು.

ಆತ ಮನೆಯ ಬಾಗಿಲ ಕಡೆ ಕೈ ತೋರಿಸಿದ.

“ಜರಾ ಜೋರಲೆ ಹೇಳ್ರಿ, ಉಸ್ತಾದ್. ಒಳಗ ನಮ್ಮಪ್ಪ ಇದ್ದಾನ. ಅವಗೂ ಕೇಳ್ಲಿ.”

ಉಸ್ತಾದರಿಗೆ ಅದು ಕೇಳಿಸಲಿಲ್ಲ. ನಾನು ಕಿವಿಯ ಹತ್ತಿರ ಬಾಯಿಟ್ಟು ಹೇಳಿದೆ. ಅವರು ಬಾಗಿಲಿಗೆ ಮುಖ ಮಾಡಿ, ಕೂಗಿ ಹೇಳಿದರು.