ಎರಡು ನಕ್ಷೆಗಳ ಹೊಲಿಗೆ

"ಕುರಿ ಕಾಯೋರ ಹುಡುಗಿ ಎಂ.ಎಸ್ಸಿ. ಮುಗಸ್ತಾಳಂತ? ಆಗೂ ಮಾತಲ್ಲ ಬಿಡಕ್ಕಾ" ಎಂದು ಸೋದರಮಾವ ಸಾಸ್ತೂರಿನ ನಮ್ಮ ಮನೆಯಲ್ಲಿ ಕೂತು ಅವ್ವನಿಗೆ ಹೇಳಿದ್ದ. ಮುಗಿಸಿದೆ. ಮುಗಿಸುವ ಹಾಗೆ ಮಾಡಿದವರು ಉದಗೀರದ ಕಾಲೇಜಿನ ನಮ್ಮ ಸರ್.

ವಿಮಾನದಿಂದ ಅಳೆದದ್ದು, ನೆಲದ ಮೇಲೆ ನಡೆದು ಅಳೆದದ್ದು ಎರಡನ್ನೂ ಕೂಡಿಸಿ, ಭೂಮಿಯ ಕಾಂತಬಲ ಎಲ್ಲಿ ಹೆಚ್ಚು, ಎಲ್ಲಿ ಕಡಿಮೆ ಎಂದು ನಕ್ಷೆ ಮಾಡುವುದು ಎಂ.ಎಸ್ಸಿ.ಯಲ್ಲಿ ನನ್ನ ಕೆಲಸವಾಗಿತ್ತು. ಸರ್ ಎರಡೂ ಕೂಡುವ ಅಂಚನ್ನು ಹೆಬ್ಬೆರಳಿನಿಂದ ಸವರುತ್ತ, "ಮೊದ್ಲು ಹೊಲಿಗಿ ನೋಡವ್ವಾ" ಅನ್ನುತ್ತಿದ್ದರು.

ಒಮ್ಮೆ ನಕ್ಷೆಯಲ್ಲಿ ನಮ್ಮೂರ ಕೆಳಗೇ, ಕಾಂತಬಲ ಥಟ್ಟನೆ ಬದಲಾದ ಹಾಗೆ, ಕೆಂಪು ಗೀಟು ಬಿತ್ತು. ನನ್ನ ಅಜ್ಜಿ ತೊಂಬತ್ತಮೂರರ ಭೂಕಂಪದಲ್ಲಿ ಮನೆಯಡಿ ಸಿಕ್ಕು ಸತ್ತವಳು. ಅಂದಿನಿಂದ ಅವ್ವ ಬಾಗಿಲ ಪಕ್ಕದಲ್ಲೇ ಮಲಗುತ್ತಾಳೆ.

"ನೆಲ ಬಿರಕ ಬಿಟ್ಟದೇನ್ರೀ ಸರ್? ಅವ್ವನ್ನ ಊರ ಬಿಡಿಸ್ಲೇನ್ರಿ?"

ಸರ್ ನಗಲಿಲ್ಲ. ಹೆಬ್ಬೆರಳು ಆ ಗೀಟಿನ ಮೇಲೆ ನಿಂತಿತು. ಅದು ಎರಡು ಸರ್ವೆ ಕೂಡುವ ಜಾಗ. ವಿಮಾನ ಹಾರಿದ ಎತ್ತರವನ್ನು ನಾನು ಲೆಕ್ಕಕ್ಕೆ ಹಿಡಿದಿರಲಿಲ್ಲ. ತಿದ್ದಿದೆ, ಗೀಟು ಹೋಯಿತು.

"ಅಂದ್ರ ಇನ್ನ ಭೂಕಂಪ ಆಗೂದಿಲ್ಲಲ್ರಿ?"

"ಅದನ್ನ ಈ ನಕ್ಷಾ ಹೇಳೂದಿಲ್ಲವ್ವಾ" ಎಂದರು, ತಗ್ಗಿದ ದನಿಯಲ್ಲಿ.

ನಮ್ಮ ಮನೆತನದ ಮೊದಲ ಪದವಿಪತ್ರ ತಂದು ಅವ್ವನ ಕೈಗೆ ಕೊಟ್ಟೆ. ಅವಳು ಅದನ್ನು ಕಣ್ಣಿಗೊತ್ತಿಕೊಂಡಳು.

"ಛಲೋ ಆತು ಮಗಾ. ಆದ್ರೂ ನೀ ಬಾಗಲ ಬಾಜುಕ್ಕೇ ಮಲಗು."